ಒದ್ದೆ ಟ್ರ್ಯಾಕಿನಲ್ಲಿ ಹಳೇ ಜಾಡು ಬೇಡ

ಪ್ರಶ್ನೆ: ಮಳೆಗಾಲದಲ್ಲೂ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿಬಂದು ರೂಢಿಯಿದೆ. ನವೆಂಬರಿನಲ್ಲಿ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿನಲ್ಲಿ ನನ್ನ ಕಾರು ಓಡಿಸಲಿದ್ದೇನೆ. ಮಳೆ ಬಂದರೆ ಟೈರಿನ ಗಾಳಿ ಇಳಿಸು ಎನ್ನುತ್ತಾರೆ ಗೆಳೆಯರು. ಸರಿಯೇ? ಮತ್ತೇನು ಗಮನಿಸಬೇಕು?
– ಓದುಗರೊಬ್ಬರು, ಶಿರಸಿ

ಉತ್ತರ: ಇಳಿಸಬೇಡಿ. ಒಣ ಟ್ರ್ಯಾಕಿನಲ್ಲಿ ಟೈರು ಕಾದು ಗಾಳಿ ತಾನಾಗಿ 5–6 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಏರುತ್ತದೆ. ಅದಕ್ಕೇ ಕಡಿಮೆ ಇಟ್ಟು ಹೊರಡುವುದು. ಮಳೆಯಲ್ಲಿ ಟೈರು ಅಷ್ಟು ಕಾಯುವುದಿಲ್ಲ. ಮೇಲಾಗಿ, ಗಾಳಿ ಕಡಿಮೆಯಾದಷ್ಟೂ ಟೈರು ನೀರನ್ನು ಸೀಳದೆ ಮೇಲೇ ತೇಲುತ್ತದೆ. ನಿಂತ ನೀರಿನಲ್ಲಿ 32 ಪಿಎಸ್‌ಐ ಟೈರು ಗಂಟೆಗೆ ಸುಮಾರು 94 ಕಿ.ಮೀ.ಗೆ ತೇಲಿದರೆ, 24 ಇದ್ದದ್ದು ಸುಮಾರು 81ಕ್ಕೇ ತೇಲೀತು. ಸವೆದ ಟೈರು ಇನ್ನೂ ಬೇಗ. ಟೈರಿನ ಮೈಮೇಲಿನ ಗೀರುಗಳ ಆಳ 1.6 ಮಿ.ಮೀ. ಇದ್ದರೆ ಸಾಕು ಎನ್ನುತ್ತದೆ ಕಾನೂನು, 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಮಳೆಯಲ್ಲಿ ಟ್ರ್ಯಾಕಿಗಿಳಿಯದಿರುವುದೇ ಮೇಲು.

ಇನ್ನು ಜಾಡು. ನಿಮ್ಮ ಪಾಚಿ ಹಿಡಿದ ಅಂಗಳದಲ್ಲಿ ಜನ ಓಡಾಡಿದ ದಾರಿಯೇ ಜಾರದ ದಾರಿ. ಟ್ರ್ಯಾಕಿನಲ್ಲಿ ತಿರುಗುಮುರುಗು! ಎಲ್ಲರೂ ಓಡಿಸುವ ಗೆರೆಯಲ್ಲಿ ಟೈರಿನ ರಬ್ಬರು ಮೆತ್ತಿಕೊಂಡು ನುಣುಪಾಗಿರುತ್ತದೆ, ನೀರು ಬಿದ್ದರೆ ಅದೇ ಹೆಚ್ಚು ಜಾರುತ್ತದೆ. ತಿರುವಿನಲ್ಲಿ ಆ ಗೆರೆ ಬಿಟ್ಟು ಹೊರಮಗ್ಗುಲಿನ ಒರಟು ಡಾಂಬರು ಹಿಡಿಯಿರಿ. ಅಂಚಿನ ಬಣ್ಣದ ಕಟ್ಟೆಗೆ ಚಕ್ರ ಮುಟ್ಟಿಸಲೇಬೇಡಿ. ಮಳೆ ಶುರುವಾದ ಮೊದಲ ಹತ್ತು ನಿಮಿಷ ಎಣ್ಣೆ, ಧೂಳು ನೀರಿನಲ್ಲಿ ಕಲೆಸಿರುತ್ತದೆ, ಆಗ ಮೆಲ್ಲಗೆ.

ಘಟ್ಟದ ಒಂದು ರೂಢಿ ಇಲ್ಲಿ ಕೈಕೊಡುತ್ತದೆ. ಇಳಿಜಾರಿನಲ್ಲಿ ಗೇರು ಇಳಿಸಿ ಎಂಜಿನ್ನೇ ತಡೆಯಲಿ ಎಂದು ಬಿಡುತ್ತೀರಲ್ಲ, ವೇಗದಲ್ಲಿರುವಾಗ ಹಾಗೆ ಮಾಡಿ ಕ್ಲಚ್ಚು ಫಕ್ಕನೆ ಬಿಟ್ಟರೆ ಎಂಜಿನ್ ತಿರುಗಿಸುವ ಚಕ್ರಗಳು ಹಿಡಿತ ಕಳೆದುಕೊಳ್ಳುತ್ತವೆ. ಎರಡನೇ ಗೇರಿನ ತಿರುವನ್ನು ಮೂರರಲ್ಲೇ ದಾಟಿ. ಬ್ರೇಕು ಬೇಗ, ಸ್ಟಿಯರಿಂಗ್ ನೆಟ್ಟಗಿರುವಾಗಲೇ ಹಾಕಿ ಮುಗಿಸಿ.

ಮೂತಿ ತಿರುಗದೆ ನೇರ ಜಾರಿದರೆ ಆಕ್ಸಿಲರೇಟರ್ ಸಡಿಲಿಸಿ, ಸ್ಟಿಯರಿಂಗನ್ನೂ ಸ್ವಲ್ಪ ಸಡಿಲಿಸಿ. ಇನ್ನಷ್ಟು ತಿರುಗಿಸಿದರೆ ಹಿಡಿತ ಸಿಕ್ಕ ಕ್ಷಣ ಕಾರು ಒಳಕ್ಕೆ ಎಗರುತ್ತದೆ. ಹಿಂಭಾಗ ಜಾರಿದರೆ ಅದು ಜಾರಿದ ದಿಕ್ಕಿಗೇ ಸ್ಟಿಯರಿಂಗ್, ಬ್ರೇಕು ಬೇಡ. ನೀರಲ್ಲಿ ತೇಲಿದರೆ ಸ್ಟಿಯರಿಂಗ್ ಅಲ್ಲಾಡಿಸದೆ ಆಕ್ಸಿಲರೇಟರ್ ಮೆಲ್ಲಗೆ ಬಿಡಿ. ಹಳದಿ-ಕೆಂಪು ಪಟ್ಟೆಯ ಬಾವುಟ ಕಂಡರೆ ಮುಂದೆ ರಸ್ತೆ ಜಾರುತ್ತಿದೆ ಎಂದರ್ಥ.

ಹೊರಡುವ ಮುನ್ನ ಗಾಜಿನ ಒಳಮೈ ಒರೆಸಿಕೊಳ್ಳಿ. ಎಸಿಯ ಗಾಳಿಯನ್ನು ಗಾಜಿಗೇ ತಿರುಗಿಸಿಡಿ, ಮಂಜು ಕಟ್ಟದು.