ನೀವು ಬರೆದ ಉತ್ತರ ನನಗೆ ಬರಲಿಲ್ಲ

ನಮಸ್ಕಾರ,

ಹೊಸಬರಿಗೆ ಪೈಥಾನ್ ಪ್ರೋಗ್ರಾಮಿಂಗ್ ಕಲಿಸುವ ನಿಮ್ಮ ಅಧ್ಯಾಯ ಓದಿದೆ. ಭಾಷೆ ತಿಳಿಯಾಗಿದೆ. ಫಂಕ್ಷನ್ ಬಗ್ಗೆ ಬರೆದ ಭಾಗಕ್ಕಂತೂ ನಾನು ಕೈ ಹಾಕುವುದಿಲ್ಲ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಹದಿನಾಲ್ಕು ಉದಾಹರಣೆಗಳನ್ನೂ ಓಡಿಸಿ ನೋಡಿದೆ; ನಾಲ್ಕರಲ್ಲಿ ನೀವು ಬರೆದ ಉತ್ತರ ನನಗೆ ಬರಲಿಲ್ಲ.

7ನ್ನು 2ರಿಂದ ಭಾಗಿಸಿದರೆ 3 ಎಂದಿದ್ದೀರಿ. ಅದು ಪೈಥಾನ್ 2ರ ಉತ್ತರ, ಅದಕ್ಕೆ 2020ರ ಜನವರಿ 1ರಿಂದ ಬೆಂಬಲವೇ ಇಲ್ಲ. ಪೈಥಾನ್ 3ರಲ್ಲಿ 3.5 ಬರುತ್ತದೆ. ಹಳೆಯ ಟಿಪ್ಪಣಿಯಿಂದ ಎತ್ತಿಕೊಂಡಿರೇನೋ. ಇನ್ನೊಂದು ಕಡೆ ನೀವು ಬಳಸಿದ ವೇರಿಯಬಲ್ ಎಲ್ಲೂ ಹುಟ್ಟೇ ಇಲ್ಲ. ಅದಕ್ಕೆ ಬೆಲೆ ಕೊಟ್ಟ ಪ್ಯಾರಾವನ್ನು ತಿದ್ದುವಾಗ ಅಳಿಸಿರಬೇಕು. ಹೆಸರುಗಳ ಸೆಟ್ (ಇಂಥದೇ ಕ್ರಮವೆಂದಿಲ್ಲದ ಗುಂಪು) ಪ್ರಿಂಟ್ ಮಾಡಿದ್ದರಲ್ಲಿ ನೀವು ಸುಳ್ಳು ಬರೆದಿಲ್ಲ, ನಿಮಗೆ ಆ ಕ್ರಮದಲ್ಲೇ ಬಂದಿರಬಹುದು. ಆದರೆ ಮತ್ತೊಮ್ಮೆ ಓಡಿಸಿದರೆ ಕ್ರಮ ಬದಲಾಗಬಹುದು. ಸಾರ್ಟ್ ಮಾಡಿ ತೋರಿಸಿ.

ದಶಮಾಂಶವನ್ನು ಹತ್ತಿರದ ಪೂರ್ಣಾಂಕಕ್ಕೆ ತರುವ ರೌಂಡ್‌ನದು ಮಾತ್ರ ಸುಲಭಕ್ಕೆ ಬಗೆಹರಿಯುವುದಲ್ಲ. 2.5 ಕೊಟ್ಟರೆ 3 ಬರುತ್ತದೆ ಎಂದು ಬರೆದಿದ್ದೀರಿ, ಬರುವುದು 2. ಸರಿಯಾಗಿ ನಡುವೆ ನಿಂತ ಸಂಖ್ಯೆಯನ್ನು ಪೈಥಾನ್ 3 ಹತ್ತಿರದ ಸಮಸಂಖ್ಯೆಗೆ ಒಯ್ಯುತ್ತದೆ. 3 ಅಳಿಸಿ 2 ಬರೆದು ಕಳಿಸಿಬಿಡಬೇಡಿ. 'ಅರ್ಧ ಬಂದರೆ ಮೇಲಕ್ಕೆ' ಎಂದು ಮೇಲಿನ ಪ್ಯಾರಾದಲ್ಲಿ ವಿವರಿಸಿದ್ದೀರಲ್ಲ, ಅದನ್ನೇ ಹೊಸದಾಗಿ ಬರೆಯಬೇಕು. ಔಟ್‌ಪುಟ್ ತಾಳೆಯಾಗುತ್ತದೋ ಇಲ್ಲವೋ ಯಂತ್ರ ಹೇಳೀತು, ವಿವರಣೆ ಸರಿಯೇ ಎಂದು ಅದು ಹೇಳುವುದಿಲ್ಲ.

ತಾಳೆ ನೋಡುವ ಕೆಲಸಕ್ಕೆ ಪೈಥಾನ್ ಜೊತೆಗೇ ಬರುವ ಡಾಕ್‌ಟೆಸ್ಟ್ ಎಂಬ ಸಾಧನ ಇದೆ. ಅಧ್ಯಾಯದ ಕಡತವನ್ನೇ ಓದಿ, ಮೂರು ಬಾಣದ ಪ್ರಾಂಪ್ಟ್ (>>>) ಇರುವ ಸಾಲುಗಳನ್ನು ಓಡಿಸಿ, ಕೆಳಗೆ ನೀವು ಬರೆದ ಉತ್ತರದೊಂದಿಗೆ ಅಕ್ಷರಕ್ಕಕ್ಷರ ಹೋಲಿಸುತ್ತದೆ. ಒಂದು ಸ್ಪೇಸ್ ಹೆಚ್ಚಾದರೂ ತಕರಾರು ಎತ್ತುತ್ತದೆ (ಆರಂಭದಲ್ಲಿ ಸಿಟ್ಟು ಬರುತ್ತದೆ, ನನಗೂ ಬಂದಿತ್ತು). ಎಲ್ಲ ಸರಿಯಿದ್ದರೆ ತುಟಿ ಪಿಟಕ್ಕೆನ್ನುವುದಿಲ್ಲ.

ಎಡವುವುದು ಇಲ್ಲೇ. ನಿಮ್ಮ ಕೋಡಿನಲ್ಲಿ ಆ ಪ್ರಾಂಪ್ಟ್ ಒಂದೂ ಇಲ್ಲ. ಹೀಗೇ ಓಡಿಸಿದರೆ ಪರೀಕ್ಷಿಸಲು ಏನೂ ಸಿಗದೆ ಆಗಲೂ ಅದು ಸುಮ್ಮನಿರುತ್ತದೆ, ನೀವು ಪಾಸಾದೆ ಎಂದುಕೊಳ್ಳುತ್ತೀರಿ. ಪ್ರಾಂಪ್ಟ್ ಸೇರಿಸಿದ ಮೇಲೆ ಬೇಕೆಂದೇ ಒಂದು ಉತ್ತರ ಕೆಡಿಸಿ, ಅದು ಕೂಗುತ್ತದೆಯೇ ನೋಡಿ. ಆಮೇಲೆ ಸರಿಪಡಿಸಿ.

ತಿದ್ದಿದ ಪ್ರತಿಯ ಜೊತೆ ಡಾಕ್‌ಟೆಸ್ಟಿನ ವರ್ಬೋಸ್ (ಎಲ್ಲವನ್ನೂ ಬಿಡಿಸಿ ಹೇಳುವ) ವರದಿಯನ್ನೂ ಕಳಿಸಿ. ಎಷ್ಟು ಉದಾಹರಣೆ ಓಡಿದವು ಎಂಬ ಲೆಕ್ಕ ಅದರ ಕೊನೆಯಲ್ಲಿರುತ್ತದೆ, ನಾನು ಮೊದಲು ನೋಡುವುದು ಅದನ್ನೇ.

ಇಂತಿ,
ಸಂಪಾದಕ