ಹಳೇ ಬ್ಯಾಂಕ್ ಬಿಟ್ಟು ಆ್ಯಪ್ ಬ್ಯಾಂಕಿಗೆ ಹೋಗಬಹುದಾ?

ಪ್ರಶ್ನೆ: ನಮ್ಮದು ಚಿಕ್ಕ ಪ್ರಿಂಟಿಂಗ್ ಪ್ರೆಸ್, ನಾಲ್ಕು ಜನ ಕೆಲಸಕ್ಕಿದ್ದಾರೆ. ಶುರುವಿನಿಂದಲೂ ಒಂದೇ ಬ್ಯಾಂಕಿನಲ್ಲಿ ಕರೆಂಟ್ ಅಕೌಂಟ್ ಇದೆ, ಅದರ ಮೇಲೆ ಓವರ್‌ಡ್ರಾಫ್ಟ್ (ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಣವನ್ನು ಒಂದು ಮಿತಿಯವರೆಗೆ ತೆಗೆಯಬಹುದಾದ ಸಾಲ) ಕೂಡ ಇದೆ. ಸಣ್ಣ ಬದಲಾವಣೆಗೂ ಶಾಖೆಗೆ ಹೋಗಿ ಕಾಯಬೇಕು, ಚಾರ್ಜುಗಳು ಬೇರೆ. ಶಾಖೆಯೇ ಇಲ್ಲದ ಡಿಜಿಟಲ್ ಬ್ಯಾಂಕಿಗೆ ಎಲ್ಲವನ್ನೂ ಬದಲಾಯಿಸಿಬಿಡೋಣ ಅಂತ ಮಗಳು ಹೇಳ್ತಿದ್ದಾಳೆ. ನನಗೆ ಧೈರ್ಯ ಸಾಲುತ್ತಿಲ್ಲ. ಏನು ಮಾಡಲಿ?

ಉತ್ತರ: ಮಗಳು ಹೇಳೋದರಲ್ಲಿ ತಪ್ಪಿಲ್ಲ. ನಿಮ್ಮ ಅಳುಕಿನಲ್ಲೂ ತಪ್ಪಿಲ್ಲ. ಹೊಸ ಖಾತೆ ತೆರೆಯಿರಿ, ಆದರೆ ಹಳೆಯದನ್ನು ಈಗಲೇ ಮುಚ್ಚಬೇಡಿ. ಕನಿಷ್ಠ ಒಂದು ವರ್ಷ ಎರಡೂ ನಡೆಯಲಿ. ತಿಂಗಳಿಗೊಮ್ಮೆ ಬರುವ ಪಾವತಿಗಳು ನೆನಪಿರುತ್ತವೆ, ವರ್ಷಕ್ಕೊಮ್ಮೆ ಬರುವವು ನೆನಪಿರುವುದಿಲ್ಲ. ವಿಮೆ ಕಂತು, ಲೈಸೆನ್ಸ್ ನವೀಕರಣ, ಸಾಫ್ಟ್‌ವೇರ್ ಚಂದಾ, ತೆರಿಗೆ ರೀಫಂಡ್ ಎಲ್ಲ ಹಳೇ ನಂಬರನ್ನೇ ಹಿಡಿದುಕೊಂಡು ಕೂತಿರುತ್ತವೆ. ಖಾತೆ ಮುಚ್ಚಿದ ಮೇಲೆ ವಿಮೆ ಕಂತು ವಾಪಸ್ಸಾದರೆ ಪಾಲಿಸಿಯೇ ನಿಂತುಹೋಗಬಹುದು, ಅದು ಗೊತ್ತಾಗೋದು ಮೆಷಿನ್ ಸುಟ್ಟುಹೋದ ದಿನ. ಹಾಗಾಗಿ ಹಿಂದಿನ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದುಕೊಂಡು, ಅಪ್ಪ ಮಗಳು ಒಟ್ಟಿಗೆ ಕೂತು, ತಾನಾಗಿ ಕಡಿತವಾಗುವ ಪ್ರತಿ ಸಾಲಿಗೂ ಗುರುತು ಹಾಕಿ. ಒಂದು ಸಂಜೆಯ ಕೆಲಸ.

ಬ್ರಿಟನ್ನಿನಲ್ಲಿ ಇದಕ್ಕೆಂದೇ 2013ರಿಂದ ಒಂದು ವ್ಯವಸ್ಥೆ ಇದೆ. ಬ್ಯಾಂಕ್ ಬದಲಿಸಿದರೆ 7 ಕೆಲಸದ ದಿನಗಳಲ್ಲಿ ಪಾವತಿಗಳೆಲ್ಲ ಹೊಸ ಖಾತೆಗೆ ಹೋಗುತ್ತವೆ, ತಪ್ಪಿ ಹಳೇ ನಂಬರಿಗೆ ಬಂದ ಹಣವನ್ನೂ ಮುಂದೆ ತಳ್ಳುತ್ತಾರೆ, ಸಣ್ಣ ವ್ಯಾಪಾರದ ಖಾತೆಗಳಿಗೂ ಇದು ಸಿಗುತ್ತದೆ. ಇಂಥ ಅನುಕೂಲ ಇಲ್ಲದ ಕಡೆ ಆ ಕೆಲಸವನ್ನೆಲ್ಲ ನೀವೇ ಕೈಯಾರೆ ಮಾಡಬೇಕು.

ಅದಕ್ಕೂ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನೀವು ನೋಡುತ್ತಿರುವ ಕಂಪನಿಗೆ ಸ್ವಂತ ಬ್ಯಾಂಕ್ ಲೈಸೆನ್ಸ್ ಇದೆಯಾ, ಅಥವಾ ಅದು ಬೇರೆ ಬ್ಯಾಂಕಿನ ಮುಂದೆ ನಿಂತಿರುವ ಆ್ಯಪ್ ಮಾತ್ರವಾ? ನೋಡೋಕೆ ಎರಡೂ ಒಂದೇ ಥರ, ತುಂಬಾ ಜನ ಇಲ್ಲೇ ಎಡವುತ್ತಾರೆ. ಅಮೆರಿಕದಲ್ಲಿ ಸಿನಾಪ್ಸ್ ಅನ್ನೋ ಕಂಪನಿ ಆ್ಯಪ್‌ಗಳಿಗೂ ಬ್ಯಾಂಕುಗಳಿಗೂ ನಡುವೆ ಲೆಕ್ಕ ಇಡುವ ಕೆಲಸ ಮಾಡ್ತಿತ್ತು. 2024ರ ಏಪ್ರಿಲ್‌ನಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಹಣ ಇಟ್ಟಿದ್ದ ಬ್ಯಾಂಕುಗಳು ಮುಳುಗಿರಲಿಲ್ಲ, ಆದರೆ ಯಾರ ದುಡ್ಡು ಎಷ್ಟು ಅನ್ನೋ ಲೆಕ್ಕವೇ ತಾಳೆಯಾಗಲಿಲ್ಲ. ಸಾವಿರಾರು ಜನ ತಿಂಗಳುಗಟ್ಟಲೆ ತಮ್ಮದೇ ಹಣ ಮುಟ್ಟಲಾಗದೆ ಕೂತರು, 6.5 ಕೋಟಿಯಿಂದ 9.6 ಕೋಟಿ ಡಾಲರ್ ಕಡಿಮೆ ಬೀಳುತ್ತದೆ ಅಂತ ಕೋರ್ಟ್ ನೇಮಿಸಿದ ಟ್ರಸ್ಟಿ ಅಂದಾಜು ಮಾಡಿದರು. ಠೇವಣಿ ವಿಮೆಯೂ ಕೈಹಿಡಿಯಲಿಲ್ಲ, ಯಾಕೆಂದರೆ ಆ ವಿಮೆ ಬ್ಯಾಂಕ್ ಮುಳುಗಿದರೆ ಮಾತ್ರ ಕೊಡುವಂಥದ್ದು. ಹಾಗಾಗಿ ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ಆ್ಯಪ್‌ನ ಜಾಹೀರಾತಿನಲ್ಲಿ ಅಲ್ಲ, ನಿಮ್ಮ ದೇಶದ ಕೇಂದ್ರ ಬ್ಯಾಂಕಿನ ಪಟ್ಟಿಯಲ್ಲೇ ನೋಡಿ. ವಿಮೆಯ ಮಿತಿಯನ್ನೂ ನೋಡಿಕೊಳ್ಳಿ: ಭಾರತದಲ್ಲಿ 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ 5 ಲಕ್ಷ ರೂಪಾಯಿ, ಅಮೆರಿಕದಲ್ಲಿ 2.5 ಲಕ್ಷ ಡಾಲರ್.

ಇನ್ನು ನಿಮ್ಮ ಓವರ್‌ಡ್ರಾಫ್ಟ್. ಬ್ಯಾಂಕ್ ಆ ಮಿತಿ ಕೊಟ್ಟಿರೋದು ನಿಮ್ಮ ವಹಿವಾಟು ಅದರ ಕಣ್ಣೆದುರು ಓಡಾಡ್ತಿದೆ ಅನ್ನೋ ನಂಬಿಕೆ ಮೇಲೆ. ಜಮೆಯೆಲ್ಲ ಬೇರೆ ಕಡೆ ತಿರುಗಿದರೆ ನವೀಕರಣದ ಹೊತ್ತಿಗೆ ಮಿತಿ ಕಡಿಮೆಯಾಗಬಹುದು. ವಹಿವಾಟು ನಮ್ಮಲ್ಲೇ ನಡೆಯಬೇಕು ಅಂತ ಕೆಲವು ಸಾಲದ ಪತ್ರಗಳಲ್ಲಿ ಷರತ್ತೇ ಇರುತ್ತದೆ, ಅದನ್ನು ತೆಗೆದು ಓದಿ. ಓವರ್‌ಡ್ರಾಫ್ಟ್ ನಿಜವಾಗಿ ಬಳಸುತ್ತಿದ್ದೀರಾದರೆ ದೊಡ್ಡ ಗಿರಾಕಿಗಳ ಹಣ ಹಳೇ ಖಾತೆಗೇ ಬರಲಿ, ದಿನನಿತ್ಯದ ಖರ್ಚು ಮತ್ತು ಸಣ್ಣ ಜಮೆಗಳನ್ನಷ್ಟೇ ಹೊಸದಕ್ಕೆ ಸಾಗಿಸಿ. ನಾನಾಗಿದ್ದರೆ ಹೀಗೇ ಮಾಡುತ್ತಿದ್ದೆ.

ಗಿರಾಕಿಗಳಿಗೆ ತಿಳಿಸುವಾಗ ಬಹಳ ಹುಷಾರಾಗಿರಿ. 'ನಮ್ಮ ಬ್ಯಾಂಕ್ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ' ಅನ್ನೋ ಮೇಲ್ ಇದೆಯಲ್ಲ, ಮೋಸಗಾರರು ಕಳಿಸೋದೂ ಅಕ್ಷರಕ್ಕಕ್ಷರ ಅದನ್ನೇ. ಅನುಮಾನಪಡುವ ಗಿರಾಕಿ ಒಳ್ಳೇ ಗಿರಾಕಿ, ಬೇಜಾರು ಮಾಡಿಕೊಳ್ಳಬೇಡಿ. ಪತ್ರ ಕಳಿಸಿದ ಮೇಲೆ ನೀವೇ ಫೋನ್ ಮಾಡಿ, ಅವರಿಗೆ ಮೊದಲಿಂದ ಪರಿಚಯವಿರುವ ನಂಬರಿನಿಂದಲೇ ಮಾಡಿ, ಮೊದಲು ಸಣ್ಣ ಮೊತ್ತ ಹಾಕಿಸಿ ಬಂತಾ ಅಂತ ನೋಡಿ, ಆಮೇಲೆ ಉಳಿದದ್ದು. ಇನ್ನೊಮ್ಮೆ ಖಾತೆ ಬದಲಾಯಿತು ಅಂತ ಯಾರಾದರೂ ಮೇಲ್ ಮಾಡಿದರೆ ನನ್ನನ್ನು ಕೇಳದೆ ನಂಬಬೇಡಿ ಅಂತಲೂ ಹೇಳಿಬಿಡಿ. ಮತ್ತೆ ಬಿಲ್ ಪುಸ್ತಕ! ಕೆಳಗಡೆ ಚಿಕ್ಕ ಅಕ್ಷರದಲ್ಲಿ ಹಳೇ ಖಾತೆ ನಂಬರ್ ಅಚ್ಚಾಗಿರುತ್ತದೆ, ನಿಮ್ಮದೇ ಪ್ರೆಸ್ ಆದ್ದರಿಂದ ಹೊಸದು ಹಾಕೋದು ಕಷ್ಟವಲ್ಲ, ಆದರೆ ಉಳಿದ ಹಳೇ ಪುಸ್ತಕಗಳನ್ನು ಹುಡುಗರ ಕೈಗೆ ಸಿಗದ ಹಾಗೆ ಎತ್ತಿಡಿ. ಹೊಸ ಖಾತೆಯಲ್ಲಿ ಪ್ರೆಸ್‌ನ ಹೆಸರು ನೋಂದಣಿ ಪತ್ರದಲ್ಲಿ ಇರುವ ಹಾಗೇ ಇರಬೇಕು. ಒಂದಕ್ಷರ ಆಚೀಚೆಯಾದರೂ ದೊಡ್ಡ ಕಂಪನಿಗಳ ಅಕೌಂಟ್ಸ್ ವಿಭಾಗ ಪೇಮೆಂಟ್ ತಡೆದು ಕೂರುತ್ತದೆ.

ಮುಂದೆ ಎಂದಾದರೂ ಹಳೇ ಖಾತೆ ಮುಚ್ಚುವುದಾದರೆ ಅದಕ್ಕೂ ಮೊದಲು ಸಿಗುವಷ್ಟೂ ವರ್ಷಗಳ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಲಾಗಿನ್ ಹೋಗುತ್ತದೆ, ತೆರಿಗೆಯವರು ಮಾತ್ರ ಹಳೇ ಲೆಕ್ಕ ಕೇಳುತ್ತಲೇ ಇರುತ್ತಾರೆ.

ಪ್ರಶ್ನೆ: ಡಿಜಿಟಲ್ ಬ್ಯಾಂಕ್‌ಗಳು ಇದ್ದಕ್ಕಿದ್ದಂತೆ ಖಾತೆ ಫ್ರೀಜ್ ಮಾಡ್ತಾರಂತೆ, ಕಾರಣ ಕೂಡ ಹೇಳಲ್ವಂತೆ. ಹೌದಾ?

ಉತ್ತರ: ಹೌದು, ಆಗುತ್ತದೆ. ಹಳೇ ಬ್ಯಾಂಕುಗಳಲ್ಲೂ ಆಗುತ್ತದೆ. ಅಲ್ಲಿ ಹೋಗಿ ಮಾತಾಡೋಕೆ ಒಂದು ಮೇಜಾದರೂ ಇರುತ್ತದೆ, ಇಲ್ಲಿ ಚಾಟ್ ಬಿಟ್ಟರೆ ಗತಿಯಿಲ್ಲ. ರೂಢಿಗಿಂತ ಬೇರೆ ಥರದ ವ್ಯವಹಾರ ಕಂಡರೆ ಕಂಪ್ಯೂಟರ್ ತಾನಾಗಿ ತಡೆಯುತ್ತದೆ. ಅಕ್ರಮ ಹಣದ ತನಿಖೆ ಅಂತಾದರೆ ಕಾರಣ ಹೇಳದಂತೆ ಅನೇಕ ದೇಶಗಳಲ್ಲಿ ಕಾನೂನೇ ಬ್ಯಾಂಕಿನ ಬಾಯಿ ಕಟ್ಟುತ್ತದೆ. ದೊಡ್ಡ ಮೊತ್ತ ಬರುವುದಿದ್ದರೆ ಮೊದಲೇ ಬಿಲ್ ಸಮೇತ ತಿಳಿಸಿಬಿಡಿ. ಒಂದು ತಿಂಗಳ ಸಂಬಳದಷ್ಟು ಹಣವನ್ನು ಬೇರೆ ಬ್ಯಾಂಕಿನಲ್ಲಿ ಇಟ್ಟಿರಿ. ನಿಮ್ಮ ಖಾತೆ ತಡೆಹಿಡಿದಿದ್ದಾರೆ ಅಂತ ಕೆಲಸದವರ ಮನೆ ಖರ್ಚು ನಿಲ್ಲಬಾರದು ಅಲ್ವಾ?

ಪ್ರಶ್ನೆ: ನಾವಿಬ್ಬರು ಪಾರ್ಟ್ನರ್‌ಗಳು. ಚೆಕ್‌ಗೆ ಇಬ್ಬರ ಸಹಿ ಬೇಕಿತ್ತು. ಆ್ಯಪ್‌ನಲ್ಲಿ ಅದು ಸಾಧ್ಯವಾ?

ಉತ್ತರ: ಕೆಲವು ಕಡೆ ಸಾಧ್ಯ, ಕೆಲವು ಕಡೆ ಇಲ್ಲ. ಖಾತೆ ತೆರೆಯುವ ಮೊದಲೇ ಕೇಳಿ. ಒಬ್ಬರು ಪಾವತಿ ಹಾಕಿ ಇನ್ನೊಬ್ಬರು ಒಪ್ಪಿಗೆ ಕೊಡುವ ಏರ್ಪಾಡು ಇರಬೇಕು, ಇಬ್ಬರಿಗೂ ಬೇರೆ ಬೇರೆ ಲಾಗಿನ್ ಇರಬೇಕು, ಲೆಕ್ಕ ಬರೆಯುವವರಿಗೆ ನೋಡೋಕೆ ಮಾತ್ರ ಅವಕಾಶ ಇರಬೇಕು. ಇಲ್ಲದಿದ್ದರೆ ಸುಮ್ನೆ ಒಂದೇ ಫೋನು, ಒಂದೇ ಪಾಸ್‌ವರ್ಡ್ ಇಬ್ಬರೂ ಹಂಚಿಕೊಳ್ಳೋದು ಶುರುವಾಗುತ್ತದೆ. ನಾಳೆ ಜಗಳ ಬಂದರೆ ಯಾರು ಕಳಿಸಿದರು ಅಂತ ತೋರಿಸೋಕೆ ದಾಖಲೆಯೇ ಇರೋದಿಲ್ಲ. ಫೋನ್ ಕಳೆದುಹೋದರೆ ಖಾತೆ ಮತ್ತೆ ಕೈಗೆ ಬರೋಕೆ ಎಷ್ಟು ದಿನ ಬೇಕು, ಅಷ್ಟು ದಿನ ಇನ್ನೊಬ್ಬರು ಒಬ್ಬರೇ ಪಾವತಿ ಮಾಡಬಹುದಾ ಅಂತಲೂ ಅವರ ಹತ್ತಿರ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.