ದೋಷಿಯೆಂದು ತೀರ್ಪಾದ ಮೇಲೆ ಶಿಕ್ಷೆಯ ಪ್ರಮಾಣದ ವಿಚಾರಣೆ ಹೇಗಿರುತ್ತದೆ?

ಕೊಲೆ ಯತ್ನದ ಆರೋಪವಿದ್ದ ನಿಮ್ಮ ತಮ್ಮನನ್ನು ಕಾರವಾರದ ಸೆಷನ್ಸ್ ನ್ಯಾಯಾಲಯವು ಭಾರತೀಯ ದಂಡ ಸಂಹಿತೆಯ 325ನೇ ಕಲಮಿನಡಿ, ಅಂದರೆ ತೀವ್ರ ಗಾಯ ಮಾಡಿದ್ದಕ್ಕೆ ಮಾತ್ರ, ದೋಷಿಯೆಂದು ಹೇಳಿ ಶಿಕ್ಷೆಯ ಪ್ರಮಾಣದ ವಿಚಾರಣೆಯನ್ನು ಗುರುವಾರಕ್ಕೆ ಇಟ್ಟಿದೆ. ಅಂದು ಮತ್ತೆ ಸಾಕ್ಷಿಗಳು ಬರುತ್ತಾರೆಯೇ ಎಂದು ಕೇಳಿದ್ದೀರಿ. ಈ ಜಿಲ್ಲೆಯಲ್ಲಿಯೇ ವಕೀಲಿ ಮಾಡುವವನಾಗಿ ಹೇಳುವುದಾದರೆ, ಸಾಮಾನ್ಯವಾಗಿ ಬರುವುದಿಲ್ಲ. ಹೊಡೆದನೇ ಇಲ್ಲವೇ ಎಂಬ ಚರ್ಚೆ ಆ ನ್ಯಾಯಾಲಯದ ಮಟ್ಟಿಗೆ ಮುಗಿದಿದೆ. ಗುರುವಾರ ಅದನ್ನೇ ಮತ್ತೆ ಎತ್ತುವುದರಿಂದ ಪ್ರಯೋಜನವಿಲ್ಲ.

ಹೊಸ ಕಾನೂನು ಜಾರಿಗೆ ಬಂದ 2024ರ ಜುಲೈ 1ಕ್ಕಿಂತ ಮೊದಲೇ ವಿಚಾರಣೆ ನಡೆಯುತ್ತಿದ್ದ ಪ್ರಕರಣವಾದ್ದರಿಂದ ನಿಮಗೆ ಅನ್ವಯಿಸುವುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 235(2)ನೇ ಕಲಮು. ಅದರ ಪ್ರಕಾರ ಶಿಕ್ಷೆ ವಿಧಿಸುವ ಮೊದಲು ನ್ಯಾಯಾಧೀಶರು ದೋಷಿಯ ಮಾತನ್ನು ಕೇಳಲೇಬೇಕು. ಇದು ಬರಿಯ ಶಾಸ್ತ್ರವಲ್ಲ, ತನ್ನ ಪರವಾದ ದಾಖಲೆ ಮತ್ತು ಸಂಗತಿಗಳನ್ನು ಮುಂದಿಡಲು ಅವನಿಗೆ ಅವಕಾಶ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 1976ರ ಸಾಂತಾ ಸಿಂಗ್ ಪ್ರಕರಣದಲ್ಲಿಯೇ ಹೇಳಿದೆ. ಆದರೂ "ಬಡವ, ಮನೆಗೆ ಇವನೊಬ್ಬನೇ ದಿಕ್ಕು, ಕನಿಷ್ಠ ಶಿಕ್ಷೆ ಕೊಡಿ" ಎಂದಷ್ಟೇ ಹೇಳಿ ಕುಳಿತುಬಿಡುವ ವಕೀಲರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಾಗದವಿಲ್ಲದ ಕರುಣೆಯ ಮಾತಿಗೆ ಅಲ್ಲಿ ತೂಕ ಕಡಿಮೆ.

ಆದ್ದರಿಂದ ತಮ್ಮನ ವಯಸ್ಸಿನ ದಾಖಲೆ, ದೋಣಿಯಲ್ಲಿ ದುಡಿಯುವುದಕ್ಕೆ ಮಾಲೀಕರು ಕೊಟ್ಟ ಪತ್ರ, ತಾಯಿಯ ಚಿಕಿತ್ಸೆಯ ಕಾಗದಗಳು, ಗಾಯಾಳುವಿನ ಆಸ್ಪತ್ರೆಯ ಖರ್ಚನ್ನು ನೀವು ಕೊಟ್ಟಿದ್ದರೆ ಅದರ ರಸೀದಿ, ಇವನ್ನು ಬುಧವಾರದೊಳಗೆ ವಕೀಲರ ಕೈಗೆ ಮುಟ್ಟಿಸಿ. ಬಂಧನವಾದ ಮತ್ತು ಜಾಮೀನು ಸಿಕ್ಕ ದಿನಾಂಕಗಳನ್ನೂ ಬರೆದುಕೊಡಿ, ಏಕೆಂದರೆ ವಿಚಾರಣಾಧೀನನಾಗಿ ಜೈಲಿನಲ್ಲಿ ಕಳೆದ ದಿನಗಳು ಅದೇ ಪ್ರಕ್ರಿಯಾ ಸಂಹಿತೆಯ 428ನೇ ಕಲಮಿನಂತೆ ಶಿಕ್ಷೆಯಲ್ಲಿ ವಜಾ ಆಗುತ್ತವೆ.

325ನೇ ಕಲಮಿಗೆ ಗರಿಷ್ಠ ಶಿಕ್ಷೆ 7 ವರ್ಷ; ಕನಿಷ್ಠ ಇಷ್ಟೇ ಎಂದು ಕಾನೂನು ನಿಗದಿ ಮಾಡಿಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧವಲ್ಲದ ಕಾರಣ, 1958ರ ಪ್ರೊಬೇಶನ್ ಕಾಯ್ದೆಯ 4ನೇ ಕಲಮಿನಡಿ ಸದ್ವರ್ತನೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡುವಂತೆಯೂ ಕೇಳಬಹುದು. ಆಯುಧ ಬಳಸಿದ ಸಂಗತಿ ದಾಖಲೆಯಲ್ಲಿದ್ದರೆ ಅಥವಾ ಹಿಂದೆ ಶಿಕ್ಷೆಯಾಗಿದ್ದರೆ ಸರ್ಕಾರಿ ಅಭಿಯೋಜಕರು ಇದನ್ನು ಬಲವಾಗಿ ವಿರೋಧಿಸುತ್ತಾರೆ. ಗಾಯಾಳುವಿಗೆ ಪರಿಹಾರ ಕೊಡುವಂತೆ ಆದೇಶವಾಗುವ ಸಾಧ್ಯತೆಯೂ ಇದೆ. ಎಷ್ಟು ಕೊಡಬಲ್ಲಿರಿ ಎಂಬುದನ್ನು ಮನೆಯಲ್ಲಿಯೇ ಮಾತಾಡಿಕೊಂಡು ಹೋಗಿ.

ಜೈಲು ಶಿಕ್ಷೆಯಾದರೆ ತೀರ್ಪಿನ ಪ್ರತಿಯನ್ನು ಅವನಿಗೆ ಉಚಿತವಾಗಿ ಕೊಡಬೇಕು. ಧಾರವಾಡದ ಹೈಕೋರ್ಟ್ ಪೀಠಕ್ಕೆ ಮೇಲ್ಮನವಿ ಸಲ್ಲಿಸಲು 60 ದಿನಗಳ ಕಾಲಾವಕಾಶವಿದೆ. ಶಿಕ್ಷೆ 3 ವರ್ಷ ಮೀರದಿದ್ದು, ಅವನು ಜಾಮೀನಿನ ಮೇಲಿದ್ದರೆ, ಶಿಕ್ಷೆಯನ್ನು ಅಮಾನತಿನಲ್ಲಿಡುವ ಅರ್ಜಿಯನ್ನು ಅದೇ ನ್ಯಾಯಾಧೀಶರ ಮುಂದೆ ಅಂದೇ ಸಲ್ಲಿಸಬಹುದಾದ್ದರಿಂದ, ಅರ್ಜಿಯನ್ನು ಸಿದ್ಧಪಡಿಸಿಟ್ಟುಕೊಳ್ಳಲು ವಕೀಲರಿಗೆ ಈಗಲೇ ಹೇಳಿ, ಜಾಮೀನುದಾರರನ್ನೂ ಗುರುವಾರ ಜೊತೆಯಲ್ಲಿ ಕರೆದುಕೊಂಡು ಹೋಗಿ.